ಲೈನ್ ಹಚ್ಚಿದವರು, ಲೈನ್ ಹೊಡೆದವರು

ಧಾರವಾಡದಿಂದ ಪುಣೆಗೆ ಸೊಸೆಯಾಗಿ ಹೊರಟ ಹುಡುಗಿಗೆ ತವರಿನವರು ಉಡಿ ತುಂಬುವಾಗ ಮೂವತ್ತು ದಿನದಲ್ಲಿ ಮರಾಠಿ ಕಲಿಸುವ ಪುಸ್ತಕವನ್ನೂ ಜೊತೆಗಿಡುವ ಪದ್ಧತಿ ನಮ್ಮ ಮನೆತನದಲ್ಲಿದೆ. ಅದರ ಅಗತ್ಯವೇ ಇಲ್ಲ. ಮರಾಠಿ ತಾನಾಗಿ ನಾಲಿಗೆಗೆ ಹತ್ತುವವರೆಗೆ ದಿನ ನೂಕಲು ಒಂದು ಇಂಗ್ಲಿಷ್ ಪದ ಸಾಕು. ಲೈನ್. ನೀರು, ಗ್ಯಾಸು, ಕರೆಂಟು, ಫೋನು, ರೇಷನ್ನು, ಉದ್ಯೋಗ, ಪ್ರೇಮ, ಸನ್ನಡತೆ, ದೇವರ ದರ್ಶನ, ಈ ಊರಿನಲ್ಲಿ ಎಲ್ಲವೂ ನಡೆಯುವುದು ಅದರ ಮೇಲೆಯೇ. ಆ ಪದವನ್ನು ಇಲ್ಲಿ ಬಿಟ್ಟುಹೋದ ಇಂಗ್ಲಿಷರು ತಿರುಗಿ ಬಂದು ಕೇಳಿದರೆ ಅದರ ಅರ್ಧ ಬಳಕೆ ಅವರಿಗೇ ತಿಳಿಯಲಿಕ್ಕಿಲ್ಲ.

ನಾವಿರುವುದು ಕೋಥ್ರೂಡಿನ ನಾಲ್ಕು ಮಹಡಿಯ ಹಳೆಯ ಸೊಸೈಟಿಯಲ್ಲಿ. ಪುಣೆಯಲ್ಲಿ ದುರಸ್ತಿಗೆಂದು ಏನನ್ನಾದರೂ ಬಂದ್ ಮಾಡುವುದಿದ್ದರೆ ಸಾಮಾನ್ಯವಾಗಿ ಅದಕ್ಕೆ ಗುರುವಾರವೇ ಬೇಕು. ಒಂದು ಗುರುವಾರ ವಾಚ್‌ಮನ್ ಕೆಳಗೆ ನಿಂತು, 'ಲಾಈನ್ ಗೇಲೀ ಹೋ!' ಎಂದು ಕೂಗಿದ. ಲೈನ್ ಹೋಯಿತಂತೆ. ಒಂದನೇ ಮಹಡಿಯಿಂದ 'ಪಾಣ್ಯಾಚೀ?' ಎಂದು ಕೇಳಿದರು, ಅಂದರೆ ನೀರಿನದೋ? ಎರಡನೆಯದರಿಂದ 'ಲಾಈಟಚೀ?' ಮೂರನೆಯದರಿಂದ, ಒಲೆಯ ಮೇಲೆ ಹಾಲಿಟ್ಟವರು, 'ಗ್ಯಾಸಚೀ?' ನಾಲ್ಕನೆಯ ಮಹಡಿಯಲ್ಲಿ ಮನೆಯಿಂದಲೇ ಆಫೀಸು ಮಾಡುವ ಹುಡುಗನೊಬ್ಬನಿದ್ದಾನೆ. ಅಷ್ಟರ ತನಕ ಅವನ ದನಿಯನ್ನೇ ನಾವು ಕೇಳಿರಲಿಲ್ಲ. ಎಲ್ಲರಿಗಿಂತ ಗಾಬರಿಯಾಗಿ, 'ನೆಟಚೀ?' ಎಂದು ಅವನು ಬಾಗಿಲಿಗೆ ಬಂದ. ಹೋದದ್ದು ಡ್ರೇನೇಜ್ ಲೈನ್ ಎಂದು ಗೊತ್ತಾದಾಗ ನಾಲ್ಕೂ ಬಾಗಿಲು ಒಟ್ಟಿಗೆ ಮುಚ್ಚಿಕೊಂಡವು.

ಆ 'ಚೀ' ಇದೆಯಲ್ಲ, ಕನ್ನಡದವರು ಎಡವುವುದೇ ಅಲ್ಲಿ. ಮರಾಠಿಯವರು ಯಾವ ವಸ್ತುವನ್ನೂ ಲಿಂಗ ನೋಡದೆ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಕುರ್ಚಿ ಹೆಣ್ಣು, ಫ್ಯಾನು ಗಂಡು, ಮನೆ ನಪುಂಸಕ. ಹೊರಗಿನಿಂದ ಬಂದ ಲೈನಿಗೂ ತಪಾಸಣೆ ತಪ್ಪಲಿಲ್ಲ, ಅದು ಹೆಣ್ಣಾಯಿತು. ಹಾಗಾಗಿ ಇಲ್ಲಿ ಲೈನ್ 'ಬಂದಳು', 'ಹೋದಳು', 'ಕಟ್ಟಾದಳು'. ನಮ್ಮ ಕನ್ನಡಕ್ಕೆ ಆ ಉಸಾಬರಿ ಇಲ್ಲ. ಜೀವವಿಲ್ಲದ್ದೆಲ್ಲ 'ಅದು', ಬಂದರೆ 'ಬಂತು', ಹೋದರೆ 'ಹೋತು'. ಈ ಒಂದು ಸೌಕರ್ಯಕ್ಕಾಗಿ ಕನ್ನಡ ತಾಯಿಗೆ ದಿನಾ ಕೈಮುಗಿಯಬೇಕು ಎಂದು ಪುಣೆಯ ಯಾವ ಕನ್ನಡ ಸೊಸೆಯನ್ನು ಕೇಳಿದರೂ ಹೇಳುತ್ತಾಳೆ.

ಇನ್ನು ನಮ್ಮ ಮಾಮಾನ ಸಂಗತಿ. ಧಾರವಾಡದ ಸಾಲಿಯಲ್ಲಿ ಕನ್ನಡ ಮಾಸ್ತರರಾಗಿ ನಿವೃತ್ತರಾದವರು. ದೀಪಾವಳಿಗೆ ನಮ್ಮಲ್ಲಿ ಬಂದರೆ ನವೆಂಬರ್ ಮುಗಿಸಿಯೇ ಹೋಗುವುದು. ನವೆಂಬರ್ ಎಂದರೆ ಪೆನ್ಶನ್ ತಗೊಳ್ಳುವವರು ತಾವಿನ್ನೂ ಇದ್ದೇವೆ ಎಂದು ಬ್ಯಾಂಕಿಗೆ ಬರೆದುಕೊಡುವ ತಿಂಗಳು. ಅದಕ್ಕೆ ಮರಾಠಿಯಲ್ಲಿ 'ಹಯಾತಿಚಾ ದಾಖಲಾ' ಎಂಬ ಗತ್ತಿನ ಹೆಸರಿದೆ. ಮಾಮಾ ಮುಂಜಾನೆಯೇ ಧೋತರ, ಕೋಟು, ಟೊಪ್ಪಿಗೆ ಹಾಕಿಕೊಂಡು ಹೊರಟರು. ಬ್ಯಾಂಕಿನ ಬಾಗಿಲಲ್ಲಿ, ಜೀವಂತ ಇರುವವರು ಇಷ್ಟೊಂದು ಜನವೇ ಅನ್ನಿಸುವಷ್ಟು ಹಿರಿಯರು ನೆರೆದಿದ್ದರಂತೆ. ಇವರು ನೇರ ಕೌಂಟರಿಗೆ ನಡೆದರು. ಗಾರ್ಡು ಅಡ್ಡ ಬಂದ.

'ಕಾಕಾ, ರಾಂಗೇತ ಯಾ!'

ಮಾಮಾ ಅಲ್ಲೇ ನಿಂತರು. ಜನ್ಮವಿಡೀ ಬೇರೆಯವರ ತಪ್ಪು ತಿದ್ದಿದ ಮನುಷ್ಯ. 'ಮೀ ಕಾಯ್ ರಾಂಗ್ ಕೇಲಂ?' ನಾನೇನು ರಾಂಗ್ ಮಾಡಿದೆ?

'ರಾಂಗ್ ನಾಹೀ ಕಾಕಾ, ರಾಂಗ! ರಾಂಗ ಲಾವಾ!'

'ಅದs ಕೇಳಾಕತ್ತೀನಿ, ಏನು ರಾಂಗು?'

ಹಿಂದೆ ನಿಂತವರೊಬ್ಬರು ಕರುಣೆಯಿಂದ, 'ಲಾಈನ್, ಲಾಈನ್' ಎಂದರು. ಮಾಮಾನಿಗೆ ಒಮ್ಮೆಲೇ ಬೆಳಕಾಯಿತು. 'ಹಾಂಗಂತ ಕನ್ನಡದಾಗ ಹೇಳಬೇಕಿಲ್ಲೋ' ಎಂದು ಹೋಗಿ ನಿಂತರು. ಸಾಲಿಗೆ ಮರಾಠಿಯ ಅಚ್ಚ ಪದ ರಾಂಗ. ಆದರೆ ಎದುರಾಬದುರಾ ಗಾಡಿ ನುಗ್ಗಿಸುವ 'ರಾಂಗ್ ಸೈಡ್' ಸವಾರರ ಈ ಊರಲ್ಲಿ ಯಾವ ರಾಂಗು ಸಾಲು, ಯಾವ ರಾಂಗು ಅಡ್ಡಾದಿಡ್ಡಿ ಎಂಬುದನ್ನು ಪಾಪ, ಹೊರಗಿನಿಂದ ಬಂದವರು ಹೇಗೆ ತಿಳಿಯಬೇಕು?

ಇಷ್ಟಕ್ಕೇ ಮುಗಿದಿದ್ದರೆ ಮಾಮಾ ಸೊಸೈಟಿಯಲ್ಲಿ ಪ್ರಸಿದ್ಧರಾಗುತ್ತಿರಲಿಲ್ಲ. ಮಧ್ಯಾಹ್ನ ಬೆವರಿ ಬಂದವರನ್ನು ಪಕ್ಕದ ಮನೆಯ ಕಾಕೂ ಮೆಟ್ಟಿಲ ಮೇಲೆ ಮಾತಾಡಿಸಿದರು. ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಿರಿ? ಧಾರವಾಡದ ಕನ್ನಡದಲ್ಲಿ 'ಹೊಡಿ' ಎಂಬುದಕ್ಕೆ ಆಗದ ಕೆಲಸವಿಲ್ಲ. ನಿದ್ದಿ ಹೊಡೀತೀವಿ, ಗಪ್ಪಾ ಹೊಡೀತೀವಿ, ಗಾಡಿ ಹೊಡೀತೀವಿ, ಸಿಟಿಯಾಗ ಒಂದು ಸುತ್ತು ಹೊಡೀತೀವಿ. ಅದನ್ನೇ ಮಾಮಾ ಮರಾಠಿಗೆ ತಿರುಗಿಸಿದರು. ಹಲ್ಲಿಲ್ಲದ ಬಾಯಿ ತುಂಬಾ ನಗುತ್ತ, 'ಬ್ಯಾಂಕೇತ ಸಕಾಳಪಾಸೂನ್ ಲಾಈನ್ ಮಾರಲೀ' ಎಂದರು.

ಬ್ಯಾಂಕಿನಲ್ಲಿ ಮುಂಜಾನೆಯಿಂದ ಲೈನ್ ಹೊಡೆದೆ! ಕಾಕೂ ಸೆರಗು ಸರಿಮಾಡಿಕೊಂಡು ಒಳಗೆ ನಡೆದರು. ಒಳಗೆ ಪೇಪರು ಓದುತ್ತಿದ್ದ ಕಾಕಾ ಮಾತ್ರ ಪೇಪರು ಮಡಚಿಟ್ಟು ಎದ್ದು ಬಂದರು. ದನಿ ತಗ್ಗಿಸಿ, 'ಕುಠಲೀ ಬ್ಯಾಂಕ್?' ಎಂದು ಕೇಳಿದರು. ಯಾವ ಬ್ಯಾಂಕು? ಆಮೇಲೆ ನಾನು ಹೋಗಿ ಬಿಡಿಸಿ ಹೇಳಿದೆ. ಕಾಕಾ ನಗು ತಡೆದುಕೊಂಡು, ಹಯಾತಿಗೆ ಇದಕ್ಕಿಂತ ದೊಡ್ಡ ದಾಖಲೆ ಇನ್ನೇನು ಬೇಕಾಗಿತ್ತು ಎಂದರು.

ಹಾಗೆ ನೋಡಿದರೆ ಮಾಮಾನ ವ್ಯಾಕರಣ ಸರಿಯಾಗಿಯೇ ಇತ್ತು, ಕೈಕೊಟ್ಟದ್ದು ಕ್ರಿಯಾಪದ. ಈ ಪದದ ಸ್ವಭಾವವೇ ಅಂಥದ್ದು. ತಾನಾಗಿ ಅದಕ್ಕೆ ಅರ್ಥವೆಂಬುದಿಲ್ಲ, ಬೆನ್ನಿಗೆ ಬಂದ ಕ್ರಿಯಾಪದ ಹೇಳಿದಂತೆ ಕೇಳುತ್ತದೆ. ಲೈನ್ ಹಚ್ಚಿದರೆ ಸಭ್ಯ ನಾಗರಿಕ, ಹೊಡೆದರೆ ಪೋಲಿ. ಲೈನಿಗೆ ಬಂದರೆ ಮಗ ಸುಧಾರಿಸಿದ, ಬಿಟ್ಟರೆ ಕೆಟ್ಟ. ಅದೇ ಫೋನಿನಲ್ಲಿಯಾದರೆ ಲೈನಿಗೆ ಬಂದವನಿಗೆ ಯಾವ ಸುಧಾರಣೆಯೂ ಬೇಕಿಲ್ಲ, ಹಲೋ ಅಂದರೆ ಸಾಕು. ಮರಾಠಿಯಲ್ಲೂ ಹಾಗೆಯೇ. ಲಾವಣೆ, ಮಾರಣೆ, ಲಾಈನೀವರ್ ಆಣಣೆ. ಎರಡೂ ಭಾಷೆಯವರು ಪರಸ್ಪರ ವಿಚಾರಿಸಿಕೊಂಡು ಮಾಡಿದ್ದಲ್ಲ. ಆದರೂ ಮೈಲುಗಟ್ಟಲೆ ದೂರದಲ್ಲಿ ಕೂತ ಇಬ್ಬರು ಹುಡುಗರು, ಕಾಲೇಜಿನ ಕಟ್ಟೆಯ ಮೇಲೆ, ಒಂದೇ ಪದಕ್ಕೆ ಒಂದೇ ಅರ್ಥವನ್ನು 'ಹೊಡೆದು' ಸೇರಿಸಿದರು. ಎರಡು ರಾಜ್ಯಗಳ ಗಡಿವಿವಾದದ ಆಯೋಗಗಳಿಗೂ ಸಾಧಿಸಲಾಗದ ಏಕಮತ ಇದು.

ಒಂದು ಪದಕ್ಕೆ ಎಷ್ಟು ಅರ್ಥ ಇರಬಹುದು ಎಂಬ ಲೆಕ್ಕವನ್ನು ಇಂಗ್ಲಿಷರು ಶಿಸ್ತಾಗಿ ಇಟ್ಟಿದ್ದಾರೆ. 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ 'ಸೆಟ್' ಎಂಬ ಪುಟ್ಟ ಪದಕ್ಕೆ ಸುಮಾರು 430 ಅರ್ಥಗಳಿದ್ದವು. ಈಚಿನ ಪರಿಷ್ಕರಣೆಯಲ್ಲಿ 'ರನ್' ಅದನ್ನು ಹಿಂದೆ ಹಾಕಿ 645ಕ್ಕೆ ಓಡಿದೆ. ನಮ್ಮ ಪುಣೆಯೂ ಈ ಕಸುಬಿನಲ್ಲಿ ಹಿಂದೆ ಬಿದ್ದಿಲ್ಲ. ಯೆರವಡಾದ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಮಹಾನಿಘಂಟಿನ ಕೆಲಸ ಶುರುವಾದದ್ದು 1948ರಲ್ಲಿ. ಯಾವ ಪದ ಯಾವ ಗ್ರಂಥದಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂದು ಒಂದು ಕೋಟಿಗೆ ಹತ್ತಿರ ಚೀಟಿ ಬರೆದು ಕಪಾಟುಗಳಲ್ಲಿ ಜೋಡಿಸಿದ್ದಾರೆ. ಮೊದಲ ಸಂಪುಟ ಬಂದದ್ದು 1976ರಲ್ಲಿ. ಆಮೇಲೆ ಮೂವತ್ತಕ್ಕೂ ಹೆಚ್ಚು ಸಂಪುಟ ಬಂದರೂ 'ಅ' ಎಂಬ ಮೊದಲ ಅಕ್ಷರ ದಾಟುವುದಾಗಿಲ್ಲ. ನನಗೆ ಆ ವಿದ್ವಾಂಸರ ಮೇಲೆ ಅಪಾರ ಗೌರವವಿದೆ, ನಗು ಬಂದರೂ ಗೌರವ ಕಡಿಮೆಯಾಗುವುದಿಲ್ಲ. ಎಲ್ಲದಕ್ಕೂ ಅವಸರ ಮಾಡುವ ಕಾಲದಲ್ಲಿ, ತನ್ನ ಸರದಿ ಬರಲೆಂದು 'ಹ'ಕಾರ ಇಷ್ಟು ವರ್ಷ ಲೈನ್ ಹಚ್ಚಿ ನಿಂತಿರುವುದನ್ನು ಬೇರೆ ಎಲ್ಲಿ ನೋಡುತ್ತೀರಿ?

ನಿಘಂಟಿನ ದಾರಿ ಹಿಡಿದೇ ನನಗೊಂದು ಖುಷಿಯ ಸಂಗತಿ ಸಿಕ್ಕಿತು. ಲೈನ್ ಎಂಬ ಪದ ಲ್ಯಾಟಿನ್ನಿನ 'ಲೀನುಮ್'ನಿಂದ ಬಂದದ್ದಂತೆ. ಲೀನುಮ್ ಎಂದರೆ ಒಂದು ಗಿಡ, ಅದರ ನಾರಿನಿಂದ ದಾರ ತೆಗೆಯುತ್ತಿದ್ದರು. ಆ ದಾರವನ್ನು ಎಳೆದು ಹಿಡಿದರೆ ಆಗುವುದೇ ಲೈನ್. ಲಿನನ್ ಬಟ್ಟೆಯ ಮೂಲವೂ ಅದೇ, ರವಿಕೆಗೆ ಒಳಗೆ ಕೊಡುವ ಲೈನಿಂಗೂ ಅದೇ. ಆ ಗಿಡ ಯಾವುದು ಅಂದುಕೊಂಡಿರಿ? ನಮ್ಮ ಅಗಸಿ! ಅಗಸಿ ಹಿಂಡಿ ಇಲ್ಲದೆ ಧಾರವಾಡದ ರೊಟ್ಟಿ ಊಟವುಂಟೆ? ಬಳ್ಳೊಳ್ಳಿ, ಕೆಂಪುಖಾರ, ಉಪ್ಪು ಹಾಕಿ ಕುಟ್ಟಿ ತಂದ ಆ ಪುಡಿಯ ಡಬ್ಬಿ ನನ್ನ ಅಡುಗೆಮನೆಯಲ್ಲಿ ಯಾವತ್ತೂ ಖಾಲಿಯಾಗುವುದಿಲ್ಲ. ಪಕ್ಕದ ಕಾಕೂ ಮನೆಯಲ್ಲಿ ಅದೇ 'ಜವಸಾಚೀ ಚಟಣೀ'. ಯುರೋಪಿನವರು ಅಗಸೆಯ ನಾರು ತೆಗೆದು ಗೆರೆ ಎಳೆದರು, ನೆಲ ಅಳೆದರು, ಸಾಮ್ರಾಜ್ಯ ಕಟ್ಟಿದರು. ನಾವು ಬೀಜ ಹುರಿದು ಎಣ್ಣೆ ಹಾಕಿಕೊಂಡು ರೊಟ್ಟಿಗೆ ಹಚ್ಚಿದೆವು. ಯಾರು ಜಾಣರೋ ಊಟದ ಹೊತ್ತಿಗೆ ತೀರ್ಮಾನಿಸಬಹುದು. ಅಗಸಿಗೂ ನಮ್ಮಲ್ಲಿ ಒಂದೇ ಅರ್ಥವಲ್ಲವೆನ್ನಿ. ಊರಬಾಗಿಲೂ ಅಗಸಿಯೇ. ಊರಿಗೆ ಬರುವವರು ಯಾವ ಅಗಸಿಯ ಹತ್ತಿರ ನಿಲ್ಲಬೇಕು ಎಂದು ನಮ್ಮಲ್ಲಿ ಯಾರೂ ಗೊಂದಲಪಟ್ಟದ್ದಿಲ್ಲ.

ಧಾರವಾಡದವಳಾದ ನನಗೆ ಲೈನ್ ಎಂದಾಕ್ಷಣ ಬಾಯಿಗೆ ಬರುವುದು ನೀರು, ಕಾರಣ ಲೈನ್ ಬಜಾರ್ ಪೇಡೆ. ಠಾಕೂರರ ಮನೆತನ ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವದಿಂದ ಬಂದು ಮಾಡತೊಡಗಿದ ಪೇಡೆ ಅದು. ತವರಿಗೆ ಹೋದಾಗ ಕಾಕೂಗೂ ಒಂದು ಪೆಟ್ಟಿಗೆ ತರುತ್ತೇನೆ. ಮೊದಲ ಸಲ ತಂದಾಗ ಅವರು ಡಬ್ಬಿ ಹಿಡಿದು, 'ಲಾಈನ್ ಬಾಜಾರ ಮ್ಹಣಜೇ? ತಿಥೇ ಲಾಈನ್ ಲಾವಾವೀ ಲಾಗತೇ?' ಎಂದು ಕೇಳಿದರು. ಅಲ್ಲಿ ಸಾಲಿನಲ್ಲಿ ನಿಲ್ಲಬೇಕಾ ಎಂದು. ನಿಲ್ಲಬೇಕು ಎಂದೆ. ಅವರ ಮುಖ ಅರಳಿತು. ಸಾಲಿಲ್ಲದೆ ಸಿಗುವ ತಿಂಡಿಯ ಬಗ್ಗೆ ಪುಣೇಕರರಿಗೆ ಮೊದಲಿನಿಂದಲೂ ಅನುಮಾನ. ಚಿತಳೆಯವರ ಬಾಕರವಡಿಗೆ ಹಬ್ಬದ ದಿನ ನಿಲ್ಲುವ ಸಾಲಿನಲ್ಲಿ ಮದುವೆ ಸಂಬಂಧ ಕುದುರಿಸಿದವರು ನನಗೆ ಗೊತ್ತು. ಫರ್ಗ್ಯುಸನ್ ರಸ್ತೆಯ ವೈಶಾಲಿಯಲ್ಲಿ ಭಾನುವಾರ ಮುಂಜಾನೆ ಹೆಸರು ಬರೆಸಿ ಫುಟ್‌ಪಾತಿನ ಮೇಲೆ ಕಾಯುವುದು ಇಲ್ಲಿ ಒಂದು ನಮೂನಿ ವ್ರತ. ಆ ಹೋಟೆಲು ಕಟ್ಟಿದ ಜಗನ್ನಾಥ ಶೆಟ್ಟರು ನಮ್ಮ ಕರಾವಳಿಯಿಂದ ಬಂದವರು. ಪುಣೆಯವರನ್ನು ಅಂಗಡಿಯ ಮುಂದೆ ತುಟಿಪಿಟಕ್ಕೆನ್ನದೆ ನಿಲ್ಲಿಸುವುದು ಪೇಶ್ವೆಯರಿಗೂ ಸುಲಭವಿತ್ತೋ ಇಲ್ಲವೋ, ಒಬ್ಬ ಕನ್ನಡಿಗ ದೋಸೆಯಿಂದ ಅದನ್ನು ಮಾಡಿ ತೋರಿಸಿದರು.

ಲೈನ್ ಎಂದರೆ ವಸತಿಯೂ ಹೌದು. ಶಿವಾಜಿನಗರದಲ್ಲಿ ಪೊಲೀಸ್ ಲೈನ್ ಇದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕೂಲಿಯವರು ಇರುವುದು ಲೈನ್ ಮನೆಯಲ್ಲಿ. ಕರೆಂಟಿನ ಕಂಬ ಹತ್ತುವವನು ಲೈನ್‌ಮನ್. ಅವನನ್ನು ಕನ್ನಡ ಮಾಡಲು ಹೊರಟ ನಮ್ಮ ಸರ್ಕಾರದವರು ನೇಮಕಾತಿ ಪತ್ರಗಳಲ್ಲಿ 'ಮಾರ್ಗದಾಳು' ಎಂದು ಬರೆದರು. ಓದಿದರೆ ಯಾರೋ ದಾರಿಹೋಕ ಕೆಲಸಕ್ಕೆ ಸೇರಿದಂತೆ ಕೇಳಿಸುತ್ತದೆ. ಮುಂದೆ ಅದನ್ನೂ ಬಿಟ್ಟು 'ಪವರ್‌ಮ್ಯಾನ್' ಮಾಡಿದರು. ಮಳೆಗಾಲದ ರಾತ್ರಿ ಜನ ಕೂಗುವುದು ಇವತ್ತಿಗೂ ಲೈನ್‌ಮನ್ನನನ್ನೇ.

ಸಾಲಾಗಿ ನಿಲ್ಲುವುದನ್ನೇ ನಾಟಕವಾಗಿಸಿದ ಊರೂ ಇದೇ. ವಿಜಯ ತೆಂಡೂಲ್ಕರರ 'ಘಾಶೀರಾಮ್ ಕೊತ್ವಾಲ್' 1972ರಲ್ಲಿ ಮೊದಲು ರಂಗಕ್ಕೆ ಬಂದದ್ದು ಪುಣೆಯಲ್ಲಿ. ಅದರಲ್ಲಿ ಹನ್ನೆರಡು ಜನ ಬ್ರಾಹ್ಮಣರು ಸಾಲುಗಟ್ಟಿ ನಿಂತು, ತೂಗುತ್ತ ಹಾಡುತ್ತ ತಾವೇ ಪರದೆಯಾಗುತ್ತಾರೆ. ಹಿಂದೆ ನಡೆಯುವ ಕೃತ್ಯವನ್ನು ಬೇಕಾದಾಗ ಮುಚ್ಚುತ್ತಾರೆ, ಬೇಡವಾದಾಗ ಬೆನ್ನು ತಿರುಗಿಸುತ್ತಾರೆ. ನಮ್ಮ ಬಿ.ವಿ. ಕಾರಂತರು ಇದನ್ನು ಹಿಂದಿಯಲ್ಲಿ ಆಡಿಸಿದರು. ಆ ಕಾಲದ ಪುಣೆಯಲ್ಲಿ ಆ ಸಾಲು ಎಬ್ಬಿಸಿದ ಗದ್ದಲ ಸಣ್ಣದಲ್ಲ. ಈಗ ನಮ್ಮ ಸೊಸೈಟಿಯ ವಾರ್ಷಿಕ ಸಭೆಗೆ ಹೋದರೂ ಮುಂದಿನ ಸಾಲಿನಲ್ಲಿ ಕೂತ ಹಿರಿಯರನ್ನು ನೋಡುವಾಗ ನನಗೆ ಅದು ನೆನಪಾಗುತ್ತದೆ. ಹೆಚ್ಚು ಹೇಳುವುದಿಲ್ಲ, ಪಾರ್ಕಿಂಗ್ ಹಂಚುವವರು ಅವರೇ.

ಕ್ರಿಕೆಟ್ಟಿನ ಲೈನ್ ಮತ್ತು ಲೆಂಗ್ತ್ ಬಗ್ಗೆ ನಾನು ಮಾತಾಡುವಂತಿಲ್ಲ ಎಂದು ನಮ್ಮ ಮನೆಯವರ ಆಜ್ಞೆ. ಪುಣೆಯ ಹೊರವಲಯದ ಗಹುಂಜೆಯಲ್ಲಿ 2017ರ ಫೆಬ್ರವರಿಯಲ್ಲಿ ನಡೆದ ಮೊದಲ ಟೆಸ್ಟಿನಲ್ಲಿ ಓಕೀಫ್ ಎಂಬ ಆಸ್ಟ್ರೇಲಿಯದವನು ಎರಡೂ ಇನಿಂಗ್ಸಿನಲ್ಲಿ 35 ರನ್ನಿಗೆ ಆರಾರು ವಿಕೆಟ್ ಕಿತ್ತು ನಮ್ಮವರನ್ನು ಮೂರೇ ದಿನಕ್ಕೆ ಮನೆಗೆ ಕಳಿಸಿದಾಗ, 'ಅಂವಾ ಲೈನ್ ಬಿಡಲೇ ಇಲ್ಲಲ್ಲ, ಒಳ್ಳೆ ಹುಡುಗ' ಎಂದು ನಾನು ಅಂದದ್ದು ಇನ್ನೂ ಅವರ ಮನಸ್ಸಿನಲ್ಲಿದೆ.

ಲೈನ್ ಬಿಡುವ ಮಾತು ಬಂತಲ್ಲ, ನಮ್ಮ ದೂರದ ಸಂಬಂಧದ ಒಂದು ಹುಡುಗಿಗೆ ವರ ನೋಡಿದ ಕಥೆ ಹೇಳಿಬಿಡುತ್ತೇನೆ. ಹುಡುಗ ಪುಣೆಯಲ್ಲೇ ಹುಟ್ಟಿ ಬೆಳೆದ ಕನ್ನಡಿಗ. ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ. ಮಾತುಕತೆಯ ನಡುವೆ ಅವನು ಆ ನೌಕರಿಗೆ ರಾಜೀನಾಮೆ ಕೊಟ್ಟು ಜೋಳದ ರೊಟ್ಟಿಯ ಖಾನಾವಳಿ ತೆರೆದ. ಹುಡುಗನ ತಾಯಿ ಬಹಳ ಅಭಿಮಾನದಿಂದ ಧಾರವಾಡಕ್ಕೆ ಫೋನು ಮಾಡಿ, 'ನಮ್ಮಂವಾ ಲೈನ್ ಬಿಟ್ಟರೀ, ಈಗ ಬ್ಯಾರೆ ಲೈನ್ ಹಿಡದಾನ' ಎಂದರು. ಪುಣೆಯಲ್ಲಿ ಲೈನ್ ಎಂದರೆ ಉದ್ಯೋಗ. ಧಾರವಾಡದಲ್ಲಿ ಫೋನು ಹಿಡಿದವರು ಹುಡುಗಿಯ ಅಜ್ಜಿ. 'ಅಯ್ಯ, ನೀವs ಹೇಳಿದ್ದು ಛಲೋ ಆತ್ರೆವಾ, ಇಲ್ಲಾಂದ್ರ ನಮಗ ಹೆಂಗ ಗೊತ್ತಾಗಬೇಕಿತ್ತು' ಎಂದು ಫೋನಿಟ್ಟರು. ಸಂಬಂಧ ಮುರಿದೇ ಬಿತ್ತು ಎನ್ನುವಾಗ ಹುಡುಗಿಯೇ ಅವನ ಖಾನಾವಳಿಗೆ ಹೋಗಿ ಉಂಡು ಬಂದಳು. ಮದುವೆ ಆಯಿತು. ರೊಟ್ಟಿ ಈಗಲೂ ಚೆನ್ನಾಗಿರುತ್ತದೆ, ಜೊತೆಗೆ ಅಗಸಿ ಹಿಂಡಿ ಕೇಳಿದಷ್ಟು ಹಾಕುತ್ತಾರೆ.

ಪುಣೆಗೂ ಧಾರವಾಡಕ್ಕೂ ನಡುವೆ ನಕಾಶೆಯಲ್ಲಿ ಈಗಿರುವ ಲೈನು ನಮ್ಮ ಅಜ್ಜನ ಕಾಲದಲ್ಲಿ ಇರಲಿಲ್ಲ. 1956ರ ನವೆಂಬರ್ ಒಂದರವರೆಗೆ ಎರಡೂ ಊರು ಒಂದೇ ಮುಂಬಯಿ ಪ್ರಾಂತದವು. ಓದಬೇಕೆಂದ ಧಾರವಾಡದ ಹುಡುಗ ಪುಣೆಯ ಹಾದಿ ಹಿಡಿಯುತ್ತಿದ್ದ. ಬೇಂದ್ರೆಯವರು ಬಿ.ಎ. ಮಾಡಿದ್ದು ಫರ್ಗ್ಯುಸನ್ ಕಾಲೇಜಿನಲ್ಲಿ, 1918ರಲ್ಲಿ. ಗೋಕಾಕರು ಇಂಗ್ಲಿಷ್ ಪಾಠ ಹೇಳಲು ಶುರು ಮಾಡಿದ್ದೂ ಅಲ್ಲೇ. ರೋಣದಲ್ಲಿ ಹುಟ್ಟಿ, ಹಾಡು ಹುಡುಕಿಕೊಂಡು ಮನೆ ಬಿಟ್ಟ ಭೀಮಸೇನ ಜೋಶಿಯವರು ಕಡೆಗೆ ನೆಲೆ ನಿಂತದ್ದೂ ಇದೇ ಊರಲ್ಲಿ. ಕುಂದಗೋಳದ ಗುರು ಸವಾಯಿ ಗಂಧರ್ವರ ಹೆಸರಲ್ಲಿ 1953ರಿಂದ ನಡೆದುಬಂದ ಸಂಗೀತೋತ್ಸವಕ್ಕೆ ಡಿಸೆಂಬರಿನ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಸಾಲು ನಿಲ್ಲುವ ಪುಣೇಕರರಲ್ಲಿ, ಕುಂದಗೋಳ ಯಾವ ರಾಜ್ಯದಲ್ಲಿದೆ ಎಂದು ಕೇಳಿದರೆ ಗೊಂದಲಕ್ಕೆ ಬೀಳುವವರು ಬಹಳ ಜನ. ಬೀಳಲಿ ಬಿಡಿ. 2024ರ ಸೆಪ್ಟೆಂಬರಿನಿಂದ ಹುಬ್ಬಳ್ಳಿಗೆ ವಂದೇ ಭಾರತ್ ಓಡುತ್ತಿದೆ. ನಕಾಶೆಯ ಲೈನು ಬಂದುಹೋದದ್ದು ಅದರಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಮಾಮಾ ಮಾತ್ರ ಬರುವುದು ಬಸ್ಸಿಗೇ. ಹೋದ ಸಲ ಸ್ವಾರಗೇಟಿನಲ್ಲಿ ಇಳಿದವರನ್ನು ಮೆಟ್ರೋ ಹತ್ತಿ ಬರಲು ಹೇಳಿದೆ. ಸ್ವಾರಗೇಟಿನಿಂದ ನೆಲದಡಿ ಓಡುವುದು ಪರ್ಪಲ್ ಲೈನ್. ಡಿಸ್ಟ್ರಿಕ್ಟ್ ಕೋರ್ಟ್ ನಿಲ್ದಾಣದಲ್ಲಿ ಇಳಿದು, ಮೇಲೆ ವನಾಝ್ ಕಡೆ ಹೋಗುವ ಆಕ್ವಾ ಲೈನ್ ಹಿಡಿದರೆ ನಮ್ಮ ಕೋಥ್ರೂಡು. ಆ ಕೆಳಗಿನ ನಿಲ್ದಾಣ ಸುಮಾರು 33 ಮೀಟರ್ ಆಳದಲ್ಲಿದೆ, ಹತ್ತಿದಷ್ಟೂ ಎಸ್ಕಲೇಟರು. ಕೋರ್ಟಿಗೆ ಹೋಗಿ ಲೈನ್ ಬದಲಿಸುವುದು ವಕೀಲರ ಪದ್ಧತಿ, ಮಾಸ್ತರರದಲ್ಲ ಎಂದು ಗೊಣಗುತ್ತಲೇ ಮಾಮಾ ಒಪ್ಪಿಕೊಂಡರು. ಮೇಲೆ ಬಂದು ಗಾಡಿ ಹತ್ತಿ ಕಿಟಕಿ ಪಕ್ಕ ಕೂತಾದ ಮೇಲೆ, ಸುಖರೂಪ ತಲುಪಿದೆನೆಂದು ತಿಳಿಸಲು ಧಾರವಾಡದಲ್ಲಿದ್ದ ಮಾಮಿಗೂ ನನಗೂ ಸೇರಿಸಿ ಒಂದೇ ಫೋನು ಮಾಡಿದರು. ಗಾಡಿಯ ಗದ್ದಲದಲ್ಲಿ ಅವರು ಒದರಿದ್ದು ಬೋಗಿಗೆಲ್ಲ ಕೇಳಿಸಿರಬೇಕು.

'ಹಲೋ, ನಾ ಆರಾಮ ಅದೀನಿ! ಇದೀಗ ಲೈನ್ ಬದಲ ಮಾಡಿದೆ!'

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಮಾಮಿಗೆ ಬ್ಯಾಂಕಿನ ಪ್ರಕರಣ ಯಾರೋ ಮುಟ್ಟಿಸಿದ್ದರೆಂದು ಕಾಣುತ್ತದೆ.

'ಈ ವಯಸ್ಸಿನಾಗ ಯಾವ ಲೈನ್ ರೀ ಅದು?'

'ಆಕ್ವಾ ಅಂತ,' ಎಂದರು ಮಾಮಾ. 'ಮೊದಲಿಂದು ಪರ್ಪಲ್ ಇತ್ತು. ಅದಕಿಂತ ಇದು ಛಲೋ ಅದ ನೋಡು, ಗಾಳಿ ಬೆಳಕು ಎಲ್ಲಾ ಅದ.'